ತೀಟೆಗೆ ಒಂದು ವಿಶೇಷ ಟಿಪ್ಪಣಿ

ಶಬ್ದಗಳ ವಿಷಯದಲ್ಲಿ ಬೆಳಗಾವಿಯಲ್ಲಿ ನನ್ನನ್ನು ಮೀರಿಸುವವರು ಇದ್ದಾರೆ ಎಂದು ನಾನು ಯಾವತ್ತೂ ನಂಬಿದವಳಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದೇನೆ. ಮೊದಲ ಹನ್ನೆರಡು ವರ್ಷ ಖಾನಾಪುರದಲ್ಲಿ, ಉಳಿದದ್ದು ಬೆಳಗಾವಿಯಲ್ಲಿ. ಅರ್ಧ ತಾಲ್ಲೂಕಿನ ಕಾಗುಣಿತ ನನ್ನ ಕೆಂಪು ಪೆನ್ನಿನ ಕೆಳಗೆ ಹಾದುಹೋಗಿದೆ. ನನ್ನ ಬರಹದ ಮೇಲೆ ಮಾತ್ರ ಯಾರೂ ಕೆಂಪು ಶಾಯಿ ಹಚ್ಚಿರಲಿಲ್ಲ. ಹಚ್ಚಲು ಕಾರಣವೂ ಇರಲಿಲ್ಲ.

ಆದ್ದರಿಂದ ನಮ್ಮ ಹಿರಿಯ ನಾಗರಿಕರ ಸಂಘದವರು ಬೆಳಗಾವಿ ಸೀಮೆಯ ಆಡುಮಾತಿನ ಒಂದು ಪದಕೋಶ ಮಾಡಬೇಕೆಂದು ನಿರ್ಧರಿಸಿ, ಒಬ್ಬೊಬ್ಬರಿಗೆ ಒಂದೊಂದು ಅಕ್ಷರ ಹಂಚಿದಾಗ, ನನಗೆ ‘ತ’ ಬಂದದ್ದು ಸಹಜವಾಗಿಯೇ ಇತ್ತು. ‘ತ’ ಸಣ್ಣ ಅಕ್ಷರವಲ್ಲ. ಸಂಘದ ಖಜಾಂಚಿಗೆ ‘ಞ’ ಕೊಟ್ಟಿದ್ದರು. ಅವರು ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ ಗೋವಾ ನೋಡಲು ಹೋದರು. ನನಗೆ ನಾಲ್ಕು ತಿಂಗಳು ಹಿಡಿಯಿತು. ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ನನ್ನ ಯಜಮಾನರು ಮಹಾರುದ್ರಪ್ಪ ಮಾತ್ರ, “ನನಗ ಯಾವ ಅಕ್ಷರಾನೂ ಬ್ಯಾಡ, ಚಾ ಕೊಟ್ಟರ ಸಾಕು” ಎಂದು ಈ ಸಾಹಿತ್ಯಸೇವೆಯಿಂದ ದೂರ ಉಳಿದರು.

ಪದಕೋಶದಲ್ಲಿ ಒಂದು ನಿಯಮವಿತ್ತು. ಸಾಮಾನ್ಯ ಶಬ್ದಗಳ ಕೆಳಗೆ ಯಾರ ಹೆಸರೂ ಬರುವುದಿಲ್ಲ. ಯಾವುದಾದರೂ ಶಬ್ದಕ್ಕೆ ಹುಟ್ಟು, ಅರ್ಥ, ಬಳಕೆ ಎಲ್ಲ ಸೇರಿಸಿ ‘ವಿಶೇಷ ಟಿಪ್ಪಣಿ’ ಬರೆದರೆ ಅದರ ಕೆಳಗೆ ಬರೆದವರ ಹೆಸರು ಅಚ್ಚಾಗುತ್ತದೆ. ಒಬ್ಬರಿಗೆ ಒಂದೇ ಟಿಪ್ಪಣಿ. ನಾನು ಸುಮ್ಮನೆ ಹೇಳುವುದೇಕೆ, ಆ ಒಂದು ಸಾಲಿಗಾಗಿಯೇ ನಾಲ್ಕು ತಿಂಗಳು ದುಡಿದಿದ್ದೆ. ಮೂವತ್ತೆರಡು ವರ್ಷ ಹಾಜರಿ ಪುಸ್ತಕ ಬಿಟ್ಟರೆ ಬೇರೆ ಯಾವ ಪುಸ್ತಕದಲ್ಲಿಯೂ ನನ್ನ ಹೆಸರು ಬಂದಿರಲಿಲ್ಲ.

ನಾನು ಆರಿಸಿಕೊಂಡ ಶಬ್ದ ತೀಟೆ. ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ, ಕಾಡು ಎಂಬುದರಿಂದ ಕಾಟ ಬಂದ ಹಾಗೆ ತೀಡು ಎಂಬುದರಿಂದ ತೀಟೆ ಬಂದಿದೆ ಎಂಬುದು ನನ್ನ ವಾದ. ತೀಡುವುದು ಎಂದರೆ ಮುಟ್ಟಿ ಉಜ್ಜುವುದು. ನಾವು ಗಂಧ ತೀಡುತ್ತೇವೆ, ಹುಬ್ಬು ತೀಡುತ್ತೇವೆ, ತಂಗಾಳಿಯೂ ತೀಡುತ್ತದೆ. ಎಷ್ಟು ಮರ್ಯಾದಸ್ಥ ಮನೆತನ ನೋಡಿ! ಚರ್ಮ ತನ್ನನ್ನು ತೀಡು ಎಂದು ಹಟ ಹಿಡಿಯುವುದೇ ತೀಟೆ. ಆಮೇಲೆ ಅದು ಚರ್ಮವನ್ನು ಬಿಟ್ಟು ಒಳಗಿಳಿಯಿತು. ಮನುಷ್ಯನನ್ನು ಸುಮ್ಮನೆ ಕೂಡ್ರಲು ಬಿಡದ ಆಸೆಗೆಲ್ಲ ಅದೇ ಹೆಸರಾಯಿತು. ಜಗಳದ ತೀಟೆ, ಮಾತಿನ ತೀಟೆ, ಹೊಸ ಸೀರೆಯ ತೀಟೆ, ಚುನಾವಣೆಗೆ ನಿಲ್ಲುವ ತೀಟೆ. ಪಕ್ಕದ ಮನೆಯ ಮುಮ್ತಾಜ್ ಬಟ್ಟೆ ಹೊಲಿಯುವವಳು, ಮನೆಮಾತು ಉರ್ದು. ಅವಳನ್ನು ಕೇಳಿದೆ. “ನಮ್ಮಲ್ಲೂ ಖುಜಲಿ ಅಂದ್ರ ಎರಡೂ ಆಗ್ತದರಿ ಟೀಚರ್. ಮೈಗೂ ಬರ್ತದ, ಮನುಷ್ಯಾಗೂ ಬರ್ತದ” ಎಂದಳು. ಮರಾಠಿಯವರ ಖಾಜ ಕೂಡ ಹಾಗೆಯೇ. ನಮ್ಮ ಓಣಿಯಲ್ಲಿ ಮೂರು ಭಾಷೆ ಇವೆ, ಎಲ್ಲ ವಿಷಯಕ್ಕೂ ಮೂರು ಅಭಿಪ್ರಾಯ ಇವೆ, ತುರಿಸುವ ವಿಷಯದಲ್ಲಿ ಮಾತ್ರ ಒಮ್ಮತವಿದೆ ಎಂದು ಟಿಪ್ಪಣಿ ಮುಗಿಸಿದೆ. ಓದಿ ನನಗೇ ಸಂತೋಷವಾಯಿತು.

ಎಂಟು ದಿನಕ್ಕೆ ಹಾಳೆ ವಾಪಸು ಬಂತು. ಅದರ ಮೇಲೆ ಅಡ್ಡಡ್ಡ ಎರಡು ಗೆರೆ, ಕೆಂಪು ಶಾಯಿಯಲ್ಲಿ. ಪಕ್ಕದಲ್ಲಿ ಸಂಪಾದಕರ ಅಕ್ಷರ: ‘ಅಶ್ಲೀಲ ಛಾಯೆ ಇದೆ. ಮನೆಮಂದಿ ಓದುವ ಕೋಶ. ಕೈಬಿಡುವುದು.’

ಛಾಯೆಯಂತೆ! ಗಂಧ ಮತ್ತು ಹುಬ್ಬಿನ ಸಂಬಂಧಿಕ ಶಬ್ದದಲ್ಲಿ ಈ ಮನುಷ್ಯನಿಗೆ ಯಾವ ಛಾಯೆ ಕಂಡಿತು? ಛಾಯೆ ಇದ್ದದ್ದು ಶಬ್ದದಲ್ಲಿ ಅಲ್ಲ, ಅವರ ತಲೆಯಲ್ಲಿ. ನಾನು ಬರೆದ ತೆವಲು ಪಾಸಾಗಿತ್ತು. ತಿಕ್ಕಲು ಪಾಸಾಗಿತ್ತು. ತಿರುಬೋಕಿಗೆ ಸರಿ ಗುರುತು ಬಿದ್ದಿತ್ತು. ತಿರುಬೋಕಿ ಮನೆಯೊಳಗೆ ಬರಬಹುದು, ತೀಟೆ ಬರಬಾರದು!

ಕೂಡಲೇ ಫೋನು ಹಚ್ಚಿದೆ. ಸಂಪಾದಕರು ನಿವೃತ್ತ ಪ್ರಾಧ್ಯಾಪಕರು, ಟಿಳಕವಾಡಿಯ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಇರುತ್ತಾರೆ. ಫೋನಿನಲ್ಲಿಯೂ ಉಪನ್ಯಾಸದ ಧ್ವನಿ.

“ನೋಡ್ರಿ ಅಕ್ಕೋರ, ಸಾಕ್ಷಿ ಬೇಕು. ಸಂಸಾರಸ್ಥ ಹೆಣ್ಮಕ್ಕಳು ಈ ಶಬ್ದ ಬಳಸ್ತಾರ ಅನ್ನೂದಕ್ಕ ಸಾಕ್ಷಿ ಏನೈತಿ? ನಾನು ಲಗ್ನಾಗಿ ನಲವತ್ತು ವರ್ಷಾತು. ನಮ್ಮ ಮನ್ಯಾಗ ಈ ಶಬ್ದ ಒಮ್ಮೆರ ಕೇಳಿಲ್ಲ.”

“ತುರಿಸಿದಾಗ ನಿಮ್ಮ ಮನ್ಯಾಗ ಏನಂತಾರ್ರಿ?”

“ನಮ್ಮ ಮನ್ಯಾಗ ತುರಿಸಂಗಿಲ್ಲ” ಎಂದರು ಸಂಪಾದಕರು. “ಸೋಮವಾರ ಕರಡು ಪ್ರೆಸ್ಸಿಗೆ ಹೊಂಟೈತಿ. ಅಷ್ಟರಾಗ ಸಾಕ್ಷಿ ತರ್ರಿ. ಇಲ್ಲಂದ್ರ ಬಿಟ್ಟಬಿಡ್ರಿ.”

ಅದು ಶುಕ್ರವಾರ. ನಾನು ಚಪ್ಪಲಿ ಹಾಕಿಕೊಳ್ಳದೆಯೇ ಅಂಗಳದಲ್ಲಿ ನಾಲ್ಕು ಸುತ್ತು ತಿರುಗಿದೆ. ಯಜಮಾನರು ಕುರ್ಚಿಯಲ್ಲಿ ಕೂತು ನನ್ನನ್ನು ನೋಡುತ್ತಿದ್ದರು. “ಒಂದ ಶಬ್ದ ಅಲ್ಲೇನ, ಹೋಗ್ಲಿ ಬಿಡು” ಎಂದರು. ಒಂದು ನಟ್ಟು ಬಿಟ್ಟರೆ ಬಸ್ಸು ಓಡುತ್ತದೆಯೇ ಎಂದು ಕೇಳಿದೆ. “ಓಡ್ತೈತಿ. ಭಾಳ ಬಸ್ಸು ಹಂಗ ಓಡ್ಯಾವು” ಎಂದರು. ಇಂಥವರ ಜೊತೆ ಸಂಸಾರ ಮಾಡಿದ್ದೇನೆ.

ಸಾಕ್ಷಿ ಬೇಕೆಂದರೆ ಖಾನಾಪುರಕ್ಕೆ ಹೋಗಬೇಕು ಎಂದು ತೀರ್ಮಾನಿಸಿದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರ ತಾಯಿ ಸುಲೋಚನಾ ವಹಿನಿ ಇದ್ದಾಳೆ. ವಹಿನಿ ಎಂದರೆ ಅತ್ತಿಗೆ, ಊರಿಗೆಲ್ಲ ಅವಳು ವಹಿನಿಯೇ. ಮನೆಮಾತು ಮರಾಠಿ, ಕನ್ನಡವನ್ನೂ ಅಷ್ಟೇ ಸಲೀಸಾಗಿ ಆಡುತ್ತಾಳೆ. ಅವಳ ಹೊಲದ ಬೇಲಿಗೆ ನಸುಗುನ್ನಿ ಬಳ್ಳಿ ಹಬ್ಬಿದೆ. ಅದರ ಕಾಯಿಯ ಮೇಲಿನ ಕಂದು ರೋಮ ಮೈಗೆ ತಾಗಿದರೆ ಒಂದು ಜನ್ಮದ ತುರಿಕೆಯೆಲ್ಲ ಒಂದೇ ದಿನ ಬರುತ್ತದೆ. ಹೊಲದ ಕೆಲಸದ ಹೆಂಗಸರು ಅದಕ್ಕೆ ತೀಟಿಕಾಯಿ ಎಂದೇ ಕರೆಯುತ್ತಾರೆ. ವಹಿನಿಯ ಮಾತನ್ನು ಬರೆದುಕೊಳ್ಳುವುದು, ಕಾಯಿಗೆ ಚೀಟಿ ಅಂಟಿಸಿ ಸಂಪಾದಕರ ಮೇಜಿನ ಮೇಲೆ ಇಡುವುದು. ಮಾತಿಗೆ ಮಾತಿನ ಸಾಕ್ಷಿ, ವಸ್ತುವಿಗೆ ವಸ್ತುವಿನ ಸಾಕ್ಷಿ. ಯೋಜನೆಯಲ್ಲಿ ಒಂದು ಕುಂದೂ ಇರಲಿಲ್ಲ.

ಶನಿವಾರ ಬೆಳಗ್ಗೆ ಖಾನಾಪುರ ಬಸ್‌ನಿಲ್ದಾಣದಲ್ಲಿ ಇಳಿದವಳು ಮೊದಲು ಮಾರ್ಕೆಟ್ಟಿಗೆ ಹೋದೆ, ನಾಲ್ಕು ಜನ ಹೆಂಗಸರ ಹೇಳಿಕೆ ಹೆಚ್ಚಿಗೆ ಸಿಕ್ಕರೆ ಒಳ್ಳೆಯದೆಂದು. ಸುವರ್ಣಗಡ್ಡೆ ಮಾರುವ ಒಬ್ಬ ಅಜ್ಜಿಯ ಮುಂದೆ ಕೂತು, ನೋಟ್‌ಬುಕ್ಕು ತೆರೆದು, “ತೀಟಿ ಅಂತ ನೀವು ಯಾವಾಗ ಅಂತೀರಿ?” ಎಂದು ಶಾಸ್ತ್ರೋಕ್ತವಾಗಿ ಕೇಳಿದೆ.

ಅಜ್ಜಿಯ ಮುಖ ಕೆಂಪಗಾಯಿತು. “ನನ್ನ ಗಡ್ಡಿ ತುರಸ್ತೈತಿ ಅಂತ ಯಾರ ಹೇಳ್ಯಾರ? ಆ ಮೂಲ್ಯಾಗ ಕುಂತಾಳಲ್ಲ, ಅಕೀನ ಹೇಳಿರಬೇಕು. ಒಯ್ದು ತಿಂದು ನೋಡ್ರಿ, ಬಾಯಿ ತುರಿಸಿದರ ನನ್ನ ಹೆಸರ ಬದಲ ಮಾಡ್ರಿ!”

ನಾನು ಗಡ್ಡೆಯ ಬಗ್ಗೆ ಕೇಳಿಲ್ಲ, ಶಬ್ದದ ಬಗ್ಗೆ ಕೇಳಿದ್ದು ಎಂದು ಹೇಳಿದೆ. “ಶಬ್ದ ತುರಸ್ತೈತೇನ?” ಎಂದಳು. ಆ ಪ್ರಶ್ನೆಗೆ ಅಲ್ಲಿ ನಿಂತವರೆಲ್ಲ ನಕ್ಕರು. ಮಾರ್ಕೆಟ್ಟಿನ ಶಾಂತಿಗಾಗಿ ಆ ಗಡ್ಡೆಯನ್ನು ಕೊಂಡುಕೊಂಡೆ. ಮಣಭಾರದ ಗಡ್ಡೆ. ನನ್ನ ಕೈಚೀಲ ಅದೊಂದರಿಂದಲೇ ತುಂಬಿಹೋಯಿತು. ಈ ಮಾತನ್ನು ಯಾಕೆ ಹೇಳುತ್ತಿದ್ದೇನೆಂದರೆ ಮುಂದಿನ ಅನಾಹುತಕ್ಕೆ ಮೂಲ ಕಾರಣ ಅದೇ.

ಸುಲೋಚನಾ ವಹಿನಿ ನನ್ನನ್ನು ನೋಡಿ ಹಿಗ್ಗಿದಳು. ನಾನು ಬಂದ ಕೆಲಸ ಕೇಳಿದ ಮೇಲೆ ಹಿಗ್ಗು ಸ್ವಲ್ಪ ಕಡಿಮೆಯಾಯಿತು.

“ಅಯ್ಯ ಟೀಚರಬಾಯಿ, ಜನಾ ಅದನ್ನ ಕಂಡರ ದೂರ ಓಡ್ತಾರ, ನೀವು ಬಸ್ ಹತ್ತಿ ಬಂದೀರಿ? ಖರೇ ಹೇಳ್ರಿ, ಮನ್ಯಾಗ ಎಲ್ಲಾ ಆರಾಮ ಐತಲ್ಲ?”

ನಾನು ಸಂಪಾದಕರ ಕಥೆ ಹೇಳಿದೆ. ವಹಿನಿಗೂ ಸಿಟ್ಟು ಬಂತು. “ಅವರ ಮನ್ಯಾಗ ತುರಸಂಗಿಲ್ಲಂತ? ದೇವರ ಮನಿ ಐತೇನ ಅದು? ನಾವು ದಿನಾ ಅಂತೀವಿ. ತೀಟಿ ಅಂತೀವಿ, ಖಾಜ ಅಂತೀವಿ. ಸುಮ್ಮ ಕುಂದರಲಾರದವರಿಗೆ ತೀಟಿ ಎದ್ದೈತಿ ಅಂತೀವಿ. ಬರಕೋರಿ, ನನ್ನ ಹೆಸರ ಹಾಕಿ ಬರಕೋರಿ.” ಬರೆದುಕೊಂಡೆ. ವಹಿನಿ ಕುಡುಗೋಲು ಹಿಡಿದು, ತಲೆಗೆ ಸೆರಗು ಸುತ್ತಿ, ಬೇಲಿಯಿಂದ ನಾಲ್ಕು ಕಾಯಿಯ ಒಂದು ಗೊಂಚಲನ್ನು ಕೊಯ್ದು ಸಾಗವಾನಿ ಎಲೆಯಲ್ಲಿ ಕಟ್ಟಿ ಕೊಟ್ಟಳು. “ಬಿಚ್ಚಬ್ಯಾಡ್ರಿ. ಒತ್ತಬ್ಯಾಡ್ರಿ. ಮಕ್ಕಳಿಗೆ ತೋರಸಬ್ಯಾಡ್ರಿ” ಎಂದು ಮೂರು ಎಚ್ಚರಿಕೆ ಕೊಟ್ಟಳು.

ಅಲ್ಲಿಗೆ ಹೊರಟಿದ್ದರೆ ನಾನು ಗೆದ್ದಿದ್ದೆ. ಆದರೆ ಅದು ಸಂಕ್ರಮಣದ ತಿಂಗಳು, ಅರಿಷಿಣ ಕುಂಕುಮದ ದಿನಗಳು. ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸುವ ಮನೆ ನಮ್ಮ ಸೀಮೆಯಲ್ಲಿ ಇಲ್ಲ. ವಹಿನಿ ನನ್ನನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು, ಎಲೆ ಅಡಿಕೆ, ಕುಸುರೆಳ್ಳು, ಮೇಲೊಂದು ಹಸಿರು ಖಣ. ಹಸಿರೆಂದರೆ ಎಂಥ ಹಸಿರು, ಕೆಂಪು ಅಂಚು! ಕುಪ್ಪಸಕ್ಕೆ ಹೇಳಿ ಮಾಡಿಸಿದ್ದು. ಉಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋಗಿ ದೇವರ ಮುಂದೆ ಇಡುವ ತನಕ ಬಿಚ್ಚುವಂತಿಲ್ಲ, ಚೆಲ್ಲುವಂತಂತೂ ಮೊದಲೇ ಇಲ್ಲ.

ಈಗ ನನ್ನ ಪರಿಸ್ಥಿತಿ ನೋಡಿ. ಒಂದು ಕೈಯಲ್ಲಿ ಗಡ್ಡೆಯ ಚೀಲ. ಇನ್ನೊಂದು ಕೈಯಲ್ಲಿ ಪರ್ಸು, ನೋಟ್‌ಬುಕ್ಕು. ಬಸ್ಸು ಹಿಡಿಯುವ ಕಂಬಿಗೆ ಮೂರನೇ ಕೈ ಬೇಕು, ನಸುಗುನ್ನಿಯ ಪೊಟ್ಟಣಕ್ಕೆ ನಾಲ್ಕನೆಯದು. ನಾನು ಮೂವತ್ತೆರಡು ವರ್ಷ ಮಕ್ಕಳಿಗೆ ಯೋಚಿಸಿ ಉತ್ತರ ಬರೆಯಿರಿ ಎಂದು ಹೇಳಿದವಳು. ಯೋಚಿಸಿದೆ. ಪೊಟ್ಟಣವನ್ನು ಉಡಿಯೊಳಗೆ ಇಟ್ಟುಕೊಂಡೆ.

ದೇಸೂರು ಬರುವವರೆಗೆ ಏನೂ ಆಗಲಿಲ್ಲ. ಒಂದು ಗುಂಡಿಯಲ್ಲಿ ಬಸ್ಸು ಕುಣಿಯಿತು. ತೆಂಗಿನಕಾಯಿ ಎದ್ದು ಸಾಗವಾನಿ ಎಲೆಯ ಮೇಲೆ ಕೂತದ್ದು ನನಗೆ ಗೊತ್ತಾಯಿತು. ಎರಡು ನಿಮಿಷದಲ್ಲಿ ಹೊಟ್ಟೆಯ ಹತ್ತಿರ ಏನೋ ಸಣ್ಣಗೆ ಚುರುಗುಟ್ಟಿತು. ಮಚ್ಚೆ ಬರುವಷ್ಟರಲ್ಲಿ ಅದು ಎರಡೂ ಮುಂಗೈಗೆ, ಕುತ್ತಿಗೆಗೆ ಹತ್ತಿತು. ತುಂಬಿದ ಬಸ್ಸು. ಅರವತ್ತು ದಾಟಿದ ನಿವೃತ್ತ ಶಿಕ್ಷಕಿ ನಾನು. ಎಲ್ಲಿ ತುರಿಸಬೇಕೋ ಅಲ್ಲಿ ತುರಿಸುವ ಹಾಗಿಲ್ಲ, ಎಲ್ಲಿ ತುರಿಸಬಹುದೋ ಅಲ್ಲಿ ತುರಿಸಿದರೆ ಸಾಲದು! ನಾನು ಎದ್ದು ನಿಂತೆ, ಕೂತೆ, ಓರೆಯಾದೆ. ಪಕ್ಕದ ಹೆಂಗಸು ನನ್ನನ್ನು ಗಮನಿಸಿ, “ಅಕ್ಕೋರ, ಮೈಯಾಗ ಏನರ ಬಂದೈತೇನ್ರಿ?” ಎಂದು ಕೈ ಮುಗಿಯುವ ಸಿದ್ಧತೆಯಲ್ಲಿ ಕೇಳಿದಳು. ಕಂಡಕ್ಟರು ನನಗೆ ಇಡೀ ಸೀಟು ಬಿಡಿಸಿಕೊಟ್ಟ.

ಉಡಿಯನ್ನು ಕಿಟಕಿಯಿಂದ ಆಚೆ ಎಸೆದಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ನೀವು ಎಸೆಯುತ್ತಿದ್ದಿರಾ? ಬೆಳಗಾವಿಯಲ್ಲಿ ಬೇಕಾದವಳನ್ನು ಕೇಳಿ, ಮುತ್ತೈದೆಯ ಉಡಿಯನ್ನು ರಸ್ತೆಗೆ ಸುರಿದವಳು ಎಂಬ ಮಾತು ಹೊತ್ತುಕೊಂಡು ಯಾರೂ ಬದುಕಲಾರರು. ಹಿಂಡಲಗಾದ ನಮ್ಮ ಮನೆಯವರೆಗೆ ಆ ಬೆಂಕಿಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಬಂದೆ. ದೇವರ ಮುಂದೆ ಇಟ್ಟೆ, ನಮಸ್ಕಾರವನ್ನೂ ಮಾಡಿದೆ. ಆಮೇಲೆ ಬಚ್ಚಲಿಗೆ ಓಡಿ ಎರಡು ಬಿಂದಿಗೆ ನೀರು ಸುರಿದುಕೊಂಡು ಉಜ್ಜಿದೆ. ಅಲ್ಲಿಯವರೆಗೆ ಆಗಿದ್ದು ಪೀಠಿಕೆ ಎಂದು ಆಗ ತಿಳಿಯಿತು.

ನನ್ನ ಕೂಗಿಗೆ ಮುಮ್ತಾಜ್ ಹೊಲಿಗೆ ಬಿಟ್ಟು ಓಡಿಬಂದಳು. “ಹಾಯ್ ಅಲ್ಲಾ, ನೀರ ಹಾಕಿದ್ರೇನ್ರಿ? ನೀರ ಹಾಕಿ ತಿಕ್ಕಿದ್ರ ಆ ಕೂದಲ ಇನ್ನೂ ಒಳಗ ಹೋಗ್ತದ. ಒಣಾ ಬೂದಿ ಹಚ್ಚಬೇಕು, ಇಲ್ಲಾ ಸಗಣಿ!” ಎಂದು ಎರಡನ್ನೂ ತಂದಳು. ಹಿತ್ತಲಿನಲ್ಲಿ ನನಗೆ ಮೊದಲು ಸಗಣಿ, ಅದರ ಮೇಲೆ ಬೂದಿ ಬಳಿದು ನಿಲ್ಲಿಸಿದಳು. ಗೋಡೆಯ ಮೇಲೆ ಕೈ ಊರಿ ನಿಂತ ನನ್ನನ್ನು ನೋಡಿ ಯಜಮಾನರು, “ಸಾಕ್ಷಿ ಸಿಕ್ಕಿತಲ್ಲ?” ಎಂದು ವಿಚಾರಿಸಿದರು.

ಆದರೂ ಕೆಲಸಕ್ಕೆ ಬಂದವರು ಅವರೇ. ಡಿಪೋದಿಂದ ತಂದುಕೊಂಡ ಹಳೆಯ ಇಕ್ಕಳ ಹಿಡಿದು, ಚರ್ಮದ ಕೈಗವಸು ಹಾಕಿಕೊಂಡು ದೇವರ ಮುಂದಿನ ಉಡಿಯನ್ನು ಇಂಜಿನ್ ಬಿಚ್ಚಿದ ಹಾಗೆ ಬಿಡಿಸಿದರು. ನಾಲ್ಕು ಕಾಯಿಗಳು ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಹೋದವು, ಮುಚ್ಚಳ ಬಿತ್ತು. ಖಣವನ್ನು ಇಕ್ಕಳದಲ್ಲಿ ಹಿಡಿದು ಹಿತ್ತಲ ಬಾಗಿಲಿಗೆ ಬಂದು, “ಇದನ್ನೇನ ಮಾಡೂದು?” ಎಂದು ಕೇಳಿದರು.

“ಖಣ ಅದು” ಎಂದೆ ಬೂದಿಯೊಳಗಿಂದ. “ಖಣಾ ಎಲ್ಲಿ ಇಡ್ತಾರ ಗೊತ್ತಿಲ್ಲೇನ? ಕಪಾಟಿನ್ಯಾಗ ಇಡ್ರಿ.”

ಹೇಳಿದ ಹಾಗೆ ಇಟ್ಟರು. ಉಡಿಯಲ್ಲಿ ಬಂದ ಖಣಗಳನ್ನು ಯಾರೂ ಹೊಲಿಸುವುದಿಲ್ಲ ಎಂಬುದು ಈ ಊರಿನ ಹೆಂಗಸರಿಗೆಲ್ಲ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸತ್ಯ. ಕಪಾಟಿನ ಕೆಳಗಿನ ಅಂತಸ್ತಿನಲ್ಲಿ ಅವು ಒಂದರ ಮೇಲೊಂದು ಕೂತಿರುತ್ತವೆ. ನಮಗೆ ಯಾರೋ ಕೊಟ್ಟದ್ದನ್ನು ನಾವು ಇನ್ಯಾರಿಗೋ ಕೊಡುತ್ತೇವೆ. ಒಂದು ಖಣ ಹೀಗೆ ಹತ್ತು ಮನೆ ತಿರುಗಿ ಮೂರು ವರ್ಷದ ಮೇಲೆ ಮೊದಲಿನ ಮನೆಗೇ ಬಂದದ್ದೂ ಉಂಟು. ಅಂಥ ಹಸಿರು ಖಣ ನಮ್ಮ ಕಪಾಟಿನಲ್ಲಿ ಏಳು ಇದ್ದವು.

ಸೋಮವಾರದ ಹೊತ್ತಿಗೆ ನನ್ನ ಮೈ ಅರ್ಧ ಆರಿತ್ತು. ಸಿಟ್ಟು ಮಾತ್ರ ಪೂರ್ತಿ ಇತ್ತು. ಬಾಟಲಿಗೆ ‘ತೀಟಿಕಾಯಿ, ಖಾನಾಪುರ ತಾಲ್ಲೂಕು’ ಎಂದು ಚೀಟಿ ಅಂಟಿಸಿದೆ. ವಹಿನಿಯ ಹೇಳಿಕೆಯನ್ನು ದುಂಡಗೆ ಬರೆದುಕೊಂಡೆ. ಸಂಕ್ರಮಣದ ತಿಂಗಳಲ್ಲಿ ಒಂದು ಮನೆಗೆ ಬರಿಗೈಲಿ ಹೋಗುವುದು ಸರಿಯಲ್ಲ, ಎಷ್ಟೆಂದರೂ ಸಂಪಾದಕರ ಹೆಂಡತಿ ಪ್ರೇಮಕ್ಕ ಒಳ್ಳೆಯ ಹೆಂಗಸು. ಕಪಾಟು ತೆರೆದು ಮೇಲಿನ ಒಂದು ಖಣ, ಡಬ್ಬಿಯಿಂದ ಅಕ್ಕಿ, ಒಂದು ಕಾಯಿ ಚೀಲಕ್ಕೆ ಹಾಕಿದೆ. ನನ್ನ ಕೈ ಎರಡು ದಿನದಿಂದ ತುರಿಸುತ್ತಲೇ ಇತ್ತು. ಹೊಸದು ಯಾವುದು, ಹಳೆಯದು ಯಾವುದು ಎಂದು ತಿಳಿಯುವ ಹಾಗಿರಲಿಲ್ಲ.

ಸಂಪಾದಕರು ಬಾಟಲಿಯನ್ನು ಕಂಡೊಡನೆ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. “ಅದನ್ನ ದೂರ ಇಡ್ರಿ ಅಕ್ಕೋರ, ಆ ಕಿಡಕಿ ಕಡೆ. ಇನ್ನೂ ಅತ್ತಾಗ. ಮುಚ್ಚಳ ಬಿಗಿ ಐತಲ್ಲ?” ಬಾಟಲಿ ಕಿಟಕಿಯ ಹೊರಗಿನ ಕಟ್ಟೆಗೆ ಹೋಯಿತು. ನಾನು ಪ್ರೇಮಕ್ಕನಿಗೆ ಕುಂಕುಮ ಹಚ್ಚಿ ಉಡಿ ತುಂಬಿದೆ. ಪ್ರೇಮಕ್ಕ ಖಣವನ್ನು ಹಣೆಗೆ ಒತ್ತಿಕೊಂಡರು, ಹೆಗಲ ಮೇಲೆ ಹಾಕಿಕೊಂಡು ಬಣ್ಣ ನೋಡಿದರು, ಕೆನ್ನೆಗೆ ಸವರಿ ಮೆತ್ತಗಿದೆ ಎಂದರು. ಆಮೇಲೆ ಗಂಡನ ತೊಡೆಯ ಮೇಲೆ ಇಟ್ಟು, “ಇಟಗೋರಿ, ಚಾ ತರ್ತೀನಿ” ಎಂದು ಒಳಗೆ ಹೋದರು. ಸಂಪಾದಕರು ಅದನ್ನು ನೀಟಾಗಿ ಮಡಚಿ, ಎರಡೂ ಕೈ ಅದರ ಮೇಲೆ ಇಟ್ಟುಕೊಂಡು, ನನ್ನ ಟಿಪ್ಪಣಿಯ ಸಂಹಾರಕ್ಕೆ ಅಣಿಯಾದರು.

“ನಿಮ್ಮ ವಹಿನಿ ಹೊಲದ ಹೆಣ್ಮಗಳು. ಅಕಿ ಅಂದಿದ್ದು ಸಾಕ್ಷಿ ಆಗೂದಿಲ್ರಿ. ಸುಶಿಕ್ಷಿತ ಮನೆತನದಾಗ...” ಎಂದು ಶುರುಮಾಡಿದವರು ಮುಂಗೈಯನ್ನು ಒಮ್ಮೆ ಕೆರೆದುಕೊಂಡರು. “ಸುಶಿಕ್ಷಿತ ಮನೆತನದಾಗ ಇಂಥಾ ಶಬ್ದ...” ಇನ್ನೊಂದು ಕೈ. ನಾನು ಅವರನ್ನು ನೋಡುತ್ತಿರಲಿಲ್ಲ, ಮಾತಿಗೆ ಉತ್ತರ ಹುಡುಕುತ್ತಿದ್ದೆ. ಹೊಲದ ಹೆಣ್ಮಗಳಂತೆ! ಕನ್ನಡದ ಅರ್ಧ ಶಬ್ದ ಹೊಲದಿಂದಲೇ ಬಂದದ್ದು, ಉಳಿದರ್ಧ ಅಡಿಗೆಮನೆಯಿಂದ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಅಡಿಗೆಮನೆಯಿಂದಲೇ ಬಂತು.

“ಅಯ್ಯಯ್ಯ, ಇದೇನ್ರೀ ಇದು, ಮಾರಿಗೆ ಕುತ್ತಿಗಿಗೆ ಎಲ್ಲಾ ಒಂದ ಸವನ ತೀಟಿ ಎದ್ದೈತಿ!”

ನಲವತ್ತು ವರ್ಷ ಆ ಮನೆಯಲ್ಲಿ ಹುಟ್ಟದ ಶಬ್ದ! ಸುಶಿಕ್ಷಿತೆ, ಸಂಸಾರಸ್ಥೆ, ಸ್ವತಃ ಸಂಪಾದಕರ ಧರ್ಮಪತ್ನಿ! ನಾನು ಪೆನ್ನು ತೆಗೆದು ಮಾತನ್ನು ಇದ್ದದ್ದು ಇದ್ದ ಹಾಗೆಯೇ ಬರೆದುಕೊಂಡೆ. ಹೇಳಿದವರು, ಊರು, ಸಂದರ್ಭ. ಸಂದರ್ಭ ಎಂದು ಬರೆಯುವಾಗ ಕೈ ನಿಂತಿತು. ಸಂಪಾದಕರ ತೊಡೆಯ ಮೇಲಿನ ಹಸಿರು ಖಣವನ್ನು ನೋಡಿದೆ. ಕೆಂಪು ಅಂಚು.

ಸುಮ್ಮನಿದ್ದಿದ್ದರೆ ಶಬ್ದ ಗೆಲ್ಲುತ್ತಿತ್ತು, ಟಿಪ್ಪಣಿ ಗೆಲ್ಲುತ್ತಿತ್ತು, ಕೆಳಗೆ ನನ್ನ ಹೆಸರು ಬರುತ್ತಿತ್ತು. ಹವೆ ಸರಿಯಿಲ್ಲ ಎಂದು ಒಂದು ಮಾತು ಹೇಳಿ ಎದ್ದುಬಂದರೆ ಮುಗಿಯಿತು. ಸುಮ್ಮನಿರಬೇಕೆಂದೇ ತುಟಿ ಬಿಗಿಹಿಡಿದಿದ್ದೆ. ಆಗ ಒಳಗೆ ನಲ್ಲಿ ತಿರುಗಿಸಿದ ಸಪ್ಪಳ ಕೇಳಿಸಿತು.

“ಪ್ರೇಮಕ್ಕಾ, ನೀರ ಹಾಕಬ್ಯಾಡ್ರಿ! ಒಣಾ ಬೂದಿ ಹಚ್ಚರಿ!”

ಸಂಪಾದಕರು ಕೆರೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಕಿಟಕಿಯ ಕಟ್ಟೆಯ ಮೇಲಿನ ಬಾಟಲಿಯನ್ನು ನೋಡಿದರು. ಕೊನೆಗೆ ತಮ್ಮ ತೊಡೆಯನ್ನು ನೋಡಿಕೊಂಡರು.

“ನಿಮಗ ಹ್ಯಾಂಗ ಗೊತ್ತು?”

ಹೇಳಿದೆ. ಗಡ್ಡೆಯಿಂದ ಹಿಡಿದು ಕಪಾಟಿನವರೆಗೆ ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೋದ ಹಾಗೆ ನನಗೇ ಅದು ಸುಳ್ಳಿನ ಹಾಗೆ ಕೇಳತೊಡಗಿತು.

“ಅಂದ್ರ ಒಂದ ಶಬ್ದಕ್ಕ ಸಾಕ್ಷಿ ಬೇಕಂತ ನೀವು ನಮ್ಮ ಮೈಮ್ಯಾಲೆ ಪ್ರಯೋಗ ಮಾಡಿದ್ರಿ” ಎಂದರು ಸಂಪಾದಕರು.

ಪ್ರಯೋಗ! ನಾನು! ಉರಿ ಉರಿ ಎನ್ನುವ ಸಿಟ್ಟು ಬಂತು. ಆದರೆ ಸಿಟ್ಟು ಮಾಡಲು ಸಮಯವಿರಲಿಲ್ಲ. ಮೂರನೇ ಮಹಡಿಯ ಫ್ಲಾಟಿನಲ್ಲಿ ಗ್ಯಾಸಿನ ಒಲೆ, ಹಾಸುಗಲ್ಲಿನ ನೆಲ. ಬೂದಿ ಎಲ್ಲಿಂದ ಬರಬೇಕು, ಸಗಣಿಯ ಮಾತು ದೂರವೇ ಉಳಿಯಿತು. ಕೊನೆಗೆ ಪ್ರೇಮಕ್ಕನಿಗೇ ಹೊಳೆಯಿತು. ದೇವರ ಮನೆಯಿಂದ ವಿಭೂತಿಯ ಗಟ್ಟಿಗಳನ್ನು ತಂದರು. ನಾನು ಕಲ್ಲಿನಲ್ಲಿ ಕುಟ್ಟಿ ಪುಡಿ ಮಾಡಿದೆ. ಇಬ್ಬರಿಗೂ ಮುಖ, ಕತ್ತು, ಎರಡೂ ತೋಳು ತುಂಬ ಹಚ್ಚಿದೆ. ಆ ಹೊತ್ತಿಗೆ ಕರಡು ಒಯ್ಯಲು ಬಂದ ಪ್ರೆಸ್ಸಿನವನು ಬಾಗಿಲಲ್ಲಿ ನಿಂತು, ಬೆಳ್ಳಗೆ ಕೂತಿದ್ದ ಗಂಡಹೆಂಡಿರನ್ನು ನೋಡಿ, ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಬಂದ.

ಸಂಪಾದಕರು ಅವನಿಗೆ ಕರಡು ಕೊಟ್ಟರು. ನನ್ನ ಹಾಳೆ ಅದರಲ್ಲಿ ಇತ್ತೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ.

ಮೂರು ತಿಂಗಳಿಗೆ ಪದಕೋಶ ಅಚ್ಚಾಗಿ ಬಂತು. ನಾನು ಬೇರೆ ಯಾವ ಅಕ್ಷರವನ್ನೂ ನೋಡಲಿಲ್ಲ, ನೇರ ‘ತ’ಕ್ಕೆ ಹೋದೆ. ತಿರುಬೋಕಿ ದಾಟಿದೆ. ತೀಟೆ ಇತ್ತು! ತೀಡು ಎಂಬುದರಿಂದ ಬಂದ ಹುಟ್ಟು, ನನ್ನ ಗಂಧ, ನನ್ನ ಹುಬ್ಬು, ನನ್ನ ತಂಗಾಳಿ, ಎಲ್ಲವೂ ಇದ್ದವು. ಅಳು ಬರುವಷ್ಟು ಸಂತೋಷವಾಯಿತು. ಕೆಳಗೆ ಹೆಸರು ಹುಡುಕಿದೆ. ಇರಲಿಲ್ಲ. ‘ಸಂಪಾದಕ ಮಂಡಳಿ’ ಎಂದಿತ್ತು. ಮೊದಲ ಅರ್ಥ, ಮೈಯ ತುರಿಕೆ. ಅದಕ್ಕೆ ಉದಾಹರಣೆಯಾಗಿ ಪ್ರೇಮಕ್ಕನ ಮಾತನ್ನು ಅವರ ಹೆಸರಿನೊಂದಿಗೆ ಹಾಕಿದ್ದರು. ಇರಲಿ, ಅನುಭವಿಸಿದವರು ಅವರು. ಎರಡನೆಯ ಅರ್ಥ, ಸುಮ್ಮನಿರಗೊಡದ ಆಸೆ. ಅದರ ಉದಾಹರಣೆಯನ್ನು ಮೂರು ಸಲ ಓದಿದೆ.

‘ಇಕೀಗಿ ಶಬ್ದದ ತೀಟಿ ಹತ್ತಿದರ ಉಂಡದ್ದು ಉಟ್ಟದ್ದು ಸೈತ ನೆನಪ ಇರಂಗಿಲ್ಲ. ಹೇಳಿಕೆ: ಶ್ರೀ ಮಹಾರುದ್ರಪ್ಪ, ಹಿಂಡಲಗಾ.’

ಯಜಮಾನರ ಮುಂದೆ ಪುಸ್ತಕ ಹಿಡಿದೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು.

“ಪ್ರೂಫ್ ತಿದ್ದೂ ಮುಂದ ಸಂಪಾದಕರು ಫೋನ್ ಮಾಡಿದ್ರು. ಅಕ್ಕೋರ ಕೈ ಹ್ಯಾಂಗೈತಿ ಅಂತ ಕೇಳಿದ್ರು, ನಾನು ಇದ್ದದ್ದ ಹೇಳಿದೆ. ಪುಸ್ತಕದಾಗ ಹಾಕ್ತಾರ ಅಂತ ನನಗೇನ ಗೊತ್ತು?” ಎಂದರು. ಪುಟವನ್ನು ಬೆಳಕಿಗೆ ಹಿಡಿದು, “ನನ್ನ ಹೆಸರ ಛಲೋ ಅಚ್ಚಾಗೇತಿ” ಎಂದೂ ಸೇರಿಸಿದರು.

ಈಗ ಮನೆಗೆ ಬಂದವರಿಗೆಲ್ಲ ಆ ಪುಟವನ್ನು ಅವರೇ ತೆರೆದು ತೋರಿಸುತ್ತಾರೆ. ನೋಡಿದವರು ಮೆಚ್ಚಿಕೊಂಡು, ಇದರಲ್ಲಿ ಟೀಚರ್ ಎಲ್ಲಿದ್ದಾರೆ ಎಂದು ಕೇಳುತ್ತಾರೆ. ನಾನು ಬೆರಳಿಟ್ಟು ‘ಇಕೀಗಿ’ ಎಂಬಲ್ಲಿ ತೋರಿಸುತ್ತೇನೆ. ಮೂವತ್ತೆರಡು ವರ್ಷ ಮಕ್ಕಳಿಗೆ ಸರ್ವನಾಮ ಕಲಿಸಿದವಳು, ಕೊನೆಗೆ ಸರ್ವನಾಮವಾಗಿಯೇ ಅಚ್ಚಾದೆ.